ಸಭೆಗೆ ಹಿಡಿದ ಮೈಕು

"ಮೇಷ್ಟ್ರೇ, ಸಭಿಕರ ಸದ್ದಿಗೆ ಯಾವ ಮೈಕು ಆರಿಸಲಿ?" ಎಂದು ವಾರಿಜಾ ಕೇಳಿದಳು.

ಮುಂದಿನ ವಾರ ಅವಳ ಸಂಗೀತ ಕಛೇರಿ ಇತ್ತು. ಅದನ್ನು ಧ್ವನಿಮುದ್ರಿಸಿ ಹೊರತರುವುದೆಂದು ತೀರ್ಮಾನವಾಗಿತ್ತು. ರೆಕಾರ್ಡಿಂಗ್ ಮಾಡುವವನು ಮೂರು ಮೈಕುಗಳ ಚಿತ್ರ ಕಳಿಸಿ, ಸಭೆಯ ಕಡೆಗೆ ಯಾವುದನ್ನು ಇಡಲಿ ಎಂದು ಅವಳನ್ನೇ ಕೇಳಿದ್ದ. ಒಂದು ಇಡೀ ಸಭಾಂಗಣವನ್ನು ಕೇಳುತ್ತದೆ. ಇನ್ನೊಂದು ತನ್ನ ಎದುರಿನ ಭಾಗವನ್ನು ಕೇಳುತ್ತದೆ. ಮೂರನೆಯದು ತಿರುಗಿಸಿಟ್ಟ ಕಡೆಯನ್ನು ಮಾತ್ರ ಕೇಳುತ್ತದೆ.

"ನಿನಗೆ ಯಾವುದು ಬೇಕು?" ಎಂದರು ಮೇಷ್ಟ್ರು.

"ಮೂರನೇದು ಅಂದ್ಕೊಂಡಿದೀನಿ. ಹಿಂದಿನ ಸಾಲಲ್ಲಿ ಮಾತಾಡ್ತಾರೆ, ಕೆಮ್ತಾರೆ, ಮೊಬೈಲು ಬಡ್ಕೊಳತ್ತೆ. ಮುಂದಿನ ಸಾಲು ಚೆನ್ನಾಗಿ ಕೇಳತ್ತೆ, ಚೆನ್ನಾಗಿ ಚಪ್ಪಾಳೆ ತಟ್ಟತ್ತೆ."

"ಮುಂದಿನ ಸಾಲಲ್ಲಿ ಯಾರು ಕೂತಿರ್ತಾರೆ?"

"ನಮ್ಮನೆಯೋರು," ಎಂದು ವಾರಿಜಾ ನಕ್ಕಳು.

ಮೇಷ್ಟ್ರು ನಗಲಿಲ್ಲ. ಶ್ರುತಿಪೆಟ್ಟಿಗೆಯನ್ನು ನಿಲ್ಲಿಸಿದರು.

"ಹಾಡುವವನಾಗಲಿ ನುಡಿಸುವವನಾಗಲಿ, ಸಭಿಕರ ಮೈಕನ್ನು ತಾನು ಆರಿಸಬಾರದು. ನಿಯಮ ಇಷ್ಟೇ. ನಾನು ಹೇಳುವ ಕತೆಯಲ್ಲಿ ಇದನ್ನು ಎಲ್ಲರೂ ಮುರಿದರು. ಒಬ್ಬ ಮುರಿಯಲಿಲ್ಲ. ಕೇಳು."

ಒಂದು ಊರಿನಲ್ಲಿ ಒಂದು ಸಂಗೀತ ಸಂಘವಿತ್ತು. ಸಂಘಕ್ಕೆ ಸ್ವಂತ ಸಭಾಂಗಣವಿತ್ತು. ಅಲ್ಲಿ, ಕೂತವರು ಎದ್ದ ಕೂಡಲೇ ಪಟ್ಟೆಂದು ತಾವೇ ಮಡಚಿಕೊಳ್ಳುವ ಕುರ್ಚಿಗಳಿದ್ದವು. ಪಕ್ಕದ ಬಾಗಿಲು ದಾಟಿದರೆ ಕ್ಯಾಂಟೀನು.

ಸಂಘವನ್ನು ಕಟ್ಟಿದ ಹಿರಿಯರು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಕಛೇರಿಯನ್ನು ಮುದ್ರಿಸುವಾಗ ವೇದಿಕೆಯ ಸದ್ದಿನ ಜೊತೆಗೆ ಸಭೆಯ ಸದ್ದನ್ನೂ ಮುದ್ರಿಸಬೇಕು. ಅದಕ್ಕಾಗಿ ಸಭಾಂಗಣದ ನಟ್ಟನಡುವೆ, ಚಾವಣಿಯಿಂದ ಎರಡು ಮೈಕು ಇಳಿಬಿಡಿಸಿದ್ದರು. ಅವಕ್ಕೆ ಹಿಂದು ಮುಂದು ಇರಲಿಲ್ಲ. ಸುತ್ತಲಿನದೆಲ್ಲವನ್ನೂ ಕೇಳುತ್ತಿದ್ದವು. ಮೊದಲ ಸಾಲಿನ ಭೇಷ್ ಎಷ್ಟು ಕೇಳುತ್ತಿತ್ತೋ ಕೊನೆಯ ಸಾಲಿನ ಕಡಲೆಕಾಯಿಯೂ ಅಷ್ಟೇ ಕೇಳುತ್ತಿತ್ತು. ಅವನ್ನು ಬದಲಾಯಿಸುವ ಅಧಿಕಾರ ಯಾವ ಕಲಾವಿದನಿಗೂ ಇರಲಿಲ್ಲ.

ಯಾರಿಗೆ ಯಾವ ಅವಕಾಶ ಕೊಡಬೇಕೆಂದು ತೀರ್ಮಾನಿಸಲು ಹಿರಿಯ ವಿದ್ವಾಂಸರ ಒಂದು ಮಂಡಳಿ ಇತ್ತು. ಮಂಡಳಿಯವರು ಕಛೇರಿಗೆ ಬರುತ್ತಿರಲಿಲ್ಲ. ಬಂದರೆ ಮುಖ ನೋಡಬೇಕಾಗುತ್ತದೆ. ಮುಖ ನೋಡಿದರೆ ದಾಕ್ಷಿಣ್ಯ ಹುಟ್ಟುತ್ತದೆ. ಆದ್ದರಿಂದ ಅವರು ಒಂದು ಕೋಣೆಯಲ್ಲಿ ಕೂತು ಮುದ್ರಣವನ್ನು ಮಾತ್ರ ಕೇಳುತ್ತಿದ್ದರು. ವೇದಿಕೆಯಲ್ಲಿ ಏನು ನಡೆಯಿತೆಂದು ಅದರಲ್ಲೇ ಕೇಳುತ್ತಿದ್ದರು. ಅದು ಸಭೆಗೆ ಮುಟ್ಟಿತೇ ಎಂದೂ ಕೇಳುತ್ತಿದ್ದರು.

ಬಹಳ ಕಾಲ ಇದು ಸರಿಯಾಗಿಯೇ ನಡೆಯಿತು.

ಮೊದಲು ಮುರಿದವನು ಒಬ್ಬ ಗಾಯಕ. ಚಾವಣಿಯ ಮೈಕಿಗೆ ಫ್ಯಾನಿನ ಸದ್ದು ಹೊಡೆಯುತ್ತದೆ ಎಂದ. ಅದು ನಿಜ. ಮೈಕುಗಳನ್ನು ಇಳಿಸಿ ಗೋಡೆಗೆ ಹಾಕಿದರು. ಆಮೇಲೆ ಬಂದ ಪಿಟೀಲು ವಿದುಷಿ, ಒಂದು ಮೈಕು ಕ್ಯಾಂಟೀನಿನ ಬಾಗಿಲಿಗೆ ತೀರ ಹತ್ತಿರವಾಯಿತು ಎಂದಳು. ಅದೂ ನಿಜ. ಆ ಮೈಕನ್ನು ತೆಗೆದರು. ಮೂರನೆಯವನು, ಉಳಿದ ಒಂದು ಮೈಕಿನಿಂದ ಏನೂ ಸ್ಪಷ್ಟವಾಗುವುದಿಲ್ಲ ಎಂದು ಕೋಲಿನಂತೆ ಉದ್ದವಾದ ಹೊಸ ಮೈಕು ತರಿಸಿದ. ಅದರ ಮೂತಿ ಎತ್ತ ಇದೆಯೋ ಅತ್ತ ಮಾತ್ರ ಅದಕ್ಕೆ ಕಿವಿ. ಅದನ್ನು ವೇದಿಕೆಯ ಅಂಚಿನಲ್ಲಿಟ್ಟು ಮೊದಲ ಸಾಲಿನ ಕಡೆ ತಿರುಗಿಸಿದರು. ನಾಲ್ಕನೆಯವನು ಮೈಕಿನ ತಂಟೆಗೇ ಹೋಗಲಿಲ್ಲ. ಮೊದಲ ಸಾಲಿನಲ್ಲಿ ತನ್ನ ಶಿಷ್ಯರನ್ನೂ ಬೀಗರನ್ನೂ ಕೂರಿಸಿದ.

"ಫ್ಯಾನ್ ಸದ್ದು ಮಾಡೋದು ನಿಜ ತಾನೇ ಮೇಷ್ಟ್ರೇ? ಅದನ್ನ ಹೇಳಿದ್ರಲ್ಲಿ ತಪ್ಪೇನು?" ಎಂದಳು ವಾರಿಜಾ.

"ಒಬ್ಬೊಬ್ಬರು ಹೇಳಿದ ಕಾರಣವೂ ನಿಜ. ಎಲ್ಲ ಸೇರಿ ಆದದ್ದು ಸುಳ್ಳು," ಎಂದು ಮೇಷ್ಟ್ರು ಮುಂದುವರಿಸಿದರು.

ಆಮೇಲೆ ಎಲ್ಲರಿಗೂ ಅದೇ ದಾರಿಯಾಯಿತು. ಕಾರ್ಯದರ್ಶಿಗೆ ಗೊತ್ತಿತ್ತು. ಮುದ್ರಣ ಕೇಳಿದ ಪರವೂರಿನವರು ನಿಮ್ಮ ಸಭೆ ಎಷ್ಟು ರಸಿಕರ ಸಭೆ ಎನ್ನುತ್ತಿದ್ದರು. ಅವನು ಸುಮ್ಮನಿದ್ದ. ರೆಕಾರ್ಡಿಂಗಿನವನಿಗೆ ಗೊತ್ತಿತ್ತು. ಕಲಾವಿದರು ಹೇಳಿದಂತೆ ಮಾಡುವುದು ತನ್ನ ಕೆಲಸ ಎಂದುಕೊಂಡ. ಮಂಡಳಿಯ ಹಿರಿಯರಿಗೂ ಗುಮಾನಿ ಇತ್ತು. ಎಲ್ಲರೂ ಒಂದೇ ಮೈಕು ಇಟ್ಟ ಮೇಲೆ ಎಲ್ಲರಿಗೂ ಒಂದೇ ನ್ಯಾಯವಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡರು. ನಿಯಮವನ್ನು ಯಾರೂ ರದ್ದು ಮಾಡಲಿಲ್ಲ. ಪಾಲಿಸುವವರು ಮಾತ್ರ ಇಲ್ಲವಾದರು. ಹಳೆಯ ಎರಡು ಮೈಕು ಬೀರು ಸೇರಿದವು. ಚಾವಣಿಯಲ್ಲಿ ಕೊಕ್ಕೆಗಳು ಉಳಿದವು.

ಆ ಸಂಘ ಒಂದು ವರ್ಷ ಮೃದಂಗದ ಪಾಠಶಾಲೆ ತೆರೆಯಲು ಹೊರಟಿತು. ಒಂದೇ ಪಾಠಶಾಲೆ, ಒಬ್ಬನೇ ಗುರು. ಆ ಗುರು ಯಾವ ಕ್ರಮದಲ್ಲಿ ನುಡಿಸುತ್ತಾನೋ ಆ ಕ್ರಮವೇ ಮುಂದಿನ ತಲೆಮಾರಿಗೆ ಹೋಗುತ್ತದೆ. ಮಂಡಳಿಯವರು ಪರೀಕ್ಷೆಯೊಂದನ್ನು ಗೊತ್ತು ಮಾಡಿದರು. ತನಿ ಆವರ್ತನ ಶುರುವಾದರೆ ಗಾಯಕ ಹಾಡು ನಿಲ್ಲಿಸುತ್ತಾನೆ, ಮೃದಂಗ ಒಂಟಿಯಾಗಿ ನುಡಿಯುತ್ತದೆ, ಸಭೆ ಕಾಫಿಗೆ ಏಳುತ್ತದೆ. ಇದು ಎಲ್ಲ ಊರಿನಲ್ಲೂ ಇದ್ದದ್ದೇ. ಯಾರ ತನಿಗೆ ಸಭೆ ಏಳದೆ ಕೂರುತ್ತದೋ ಅವನಿಗೆ ಪಾಠಶಾಲೆ ಎಂದರು.

ಕೊನೆಗೆ ಇಬ್ಬರು ಉಳಿದರು. ಒಬ್ಬನ ಕೈ ಚುರುಕು, ಮಾತೂ ಚುರುಕು. ಅವನ ಕಛೇರಿ ಮೊದಲು ಆಯಿತು. ಕೋಲು ಮೈಕು, ಮೊದಲ ಸಾಲಿನ ತುಂಬ ಶಿಷ್ಯರು. ಮುದ್ರಣದಲ್ಲಿ ಒಂದು ಕುರ್ಚಿಯೂ ಅಲುಗಲಿಲ್ಲ.

ಇನ್ನೊಬ್ಬ ವಿದ್ವಾಂಸನ ಗುರು ತೀರಿಕೊಂಡಿದ್ದರು. ಆ ಗುರುವಿಗೆ ಒಂದು ನಿಧಾನದ ನಡೆ ಇತ್ತು. ಎರಡು ಪೆಟ್ಟಿನ ನಡುವೆ ಇಷ್ಟು ಜಾಗ ಬಿಟ್ಟು, ಆ ಜಾಗವನ್ನು ಕೇಳುವವನ ಕೈಗೆ ಕೊಟ್ಟುಬಿಡುವ ನಡೆ. ಕಲಿಯಲು ಕಷ್ಟ. ಚಪ್ಪಾಳೆ ತರುವುದು ಇನ್ನೂ ಕಷ್ಟ. ಉಳಿದ ಶಿಷ್ಯರೆಲ್ಲ ಅದನ್ನು ಕೈಬಿಟ್ಟಿದ್ದರು. ಇವನಲ್ಲಿ ಮಾತ್ರ ಉಳಿದಿತ್ತು. ಪಾಠಶಾಲೆ ಸಿಕ್ಕರೆ ಆ ನಡೆ ಬದುಕುತ್ತದೆ. ಸಿಗದಿದ್ದರೆ ಇವನ ಜೊತೆಗೇ ಮುಗಿಯುತ್ತದೆ. ಇದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಅವನ ಕಛೇರಿಯ ದಿನ ರೆಕಾರ್ಡಿಂಗಿನವನು ಕೋಲು ಮೈಕು ಹಿಡಿದು ಬಂದ.

"ಸ್ವಾಮಿ, ಇದನ್ನ ಯಾವ ಕಡೆ ತಿರುಗಿಸ್ಲಿ? ನಿಮ್ಮ ಕಡೆಯೋರು ಎಡಗಡೆ ಕೂರ್ತಾರೋ ಬಲಗಡೆನೋ?"

"ನನ್ನ ಕಡೆಯೋರು ಅಂತ ಯಾರೂ ಬಂದಿಲ್ಲ."

"ಹೋಗ್ಲಿ, ಯಾವ ಮೈಕು ಹಾಕ್ಲಿ ಅನ್ನೋದನ್ನಾದ್ರೂ ಹೇಳಿ."

"ಅದನ್ನ ನಾನು ಹೇಳಬಾರದು."

"ಮತ್ಯಾರು ಹೇಳ್ಬೇಕು?"

"ಸಂಘದ ನಿಯಮ ಹೇಳಿಯಾಗಿದೆ," ಎಂದು ವಿದ್ವಾಂಸ ಚಾವಣಿಯ ಕಡೆ ನೋಡಿದ.

ತಂಬೂರಿ ಶ್ರುತಿ ಮಾಡುತ್ತಿದ್ದ ಆ ದಿನದ ಗಾಯಕ ಕೈ ನಿಲ್ಲಿಸಿದ. "ಏನ್ ಸ್ವಾಮಿ, ನಿಮ್ಮ ತನಿಗೆ ಜನ ಕಾಫಿಗೆ ಏಳೋದು ಸಾಲದು ಅಂತ ಅದನ್ನ ರೆಕಾರ್ಡ್ ಬೇರೆ ಮಾಡಿಸ್ಬೇಕಾ? ಈಗಾಗ್ಲೇ ಕ್ಯಾಂಟೀನಿನೋನು ನಿಮ್ಮ ಹೆಸರಲ್ಲಿ ದೀಪ ಹಚ್ತಾನಂತೆ."

"ಹಚ್ಚಲಿ. ಜನ ಎದ್ದಿದ್ದು ನಿಜವಾದ್ರೆ ಕೇಳಿಸಲಿ."

ಗಲಾಟೆ ಕೇಳಿ ಕಾರ್ಯದರ್ಶಿ ಬಂದ. ವಿಷಯ ತಿಳಿದು ಹಣೆ ಚಚ್ಚಿಕೊಂಡ. "ವಿದ್ವಾಂಸರೇ, ಇದು ಹಟ ಮಾಡೋ ಹೊತ್ತಲ್ಲ. ಎಲ್ಲರೂ ಇಟ್ಟಿದ್ದು ಇದನ್ನೇ. ನೀವೊಬ್ಬರೇನು ಸತ್ಯಹರಿಶ್ಚಂದ್ರನ ಮೊಮ್ಮಗನೇ? ಬೇರೆ ಮೈಕು ಇಟ್ರೆ ನಷ್ಟ ನಿಮಗೇ."

"ನಾನು ಬೇರೆ ಮೈಕು ಇಡ್ತಿಲ್ಲ. ನಾನು ಇಡ್ತಾನೇ ಇಲ್ಲ."

ಅಷ್ಟು ಹೇಳಿ ಅವನು ವೇದಿಕೆ ಹತ್ತಿ ತನ್ನ ಜಾಗದಲ್ಲಿ ಕೂತ. ಮೃದಂಗವನ್ನು ಮಡಿಲಿಗೆ ಎಳೆದುಕೊಂಡ. ಗವಸು ಬಿಚ್ಚಲಿಲ್ಲ. ಸಭೆ ತುಂಬಿತು. ಗಾಯಕ ಕೆಮ್ಮಿದ. ಪಿಟೀಲಿನವಳು ಎರಡು ಸಲ ಶ್ರುತಿ ನೋಡಿಕೊಂಡಳು. ಕಾರ್ಯದರ್ಶಿ ಪರದೆಯ ಮರೆಯಿಂದ ಕಣ್ಣು ಬಿಟ್ಟ, ಕೈ ಮುಗಿದ, ಕೊನೆಗೆ ಬೀರುವಿನ ಬೀಗದ ಕೈ ತರಿಸಿದ. ಏಣಿ ಬಂತು. ಸಭಿಕರ ತಲೆಯ ಮೇಲಿನ ಕೊಕ್ಕೆಗಳಿಗೆ ಹಳೆಯ ಎರಡು ಮೈಕುಗಳನ್ನು ಕಟ್ಟಿದರು. ಆಗ ಅವನು ಗವಸು ಬಿಚ್ಚಿದ.

ರೆಕಾರ್ಡಿಂಗಿನವನು ಕೆಟ್ಟವನಲ್ಲ. ಅವನಿಗೆ ಆ ನಿಧಾನದ ನಡೆಯ ಮೇಲೆ ಪ್ರೀತಿ ಇತ್ತು. ಒಳ್ಳೆಯದಾಗಲಿ ಎಂದು, ಯಾರಿಗೂ ಹೇಳದೆ, ವೇದಿಕೆಯ ಅಂಚಿನ ಹೂಕುಂಡಗಳ ನಡುವೆ ಕೋಲು ಮೈಕನ್ನೂ ಇಟ್ಟ. ಮೂತಿ ಮೊದಲ ಸಾಲಿನ ಕಡೆಗೆ.

ಕಛೇರಿ ನಡೆಯಿತು. ತನಿಯೂ ಆಯಿತು. ವಿದ್ವಾಂಸನಿಗೆ ಕಣ್ಣು ಮುಚ್ಚಿ ನುಡಿಸುವ ಅಭ್ಯಾಸ. ನಡುವೆ ಸಭೆ ಕದಲಿದ್ದು ಅವನಿಗೆ ತಿಳಿಯಿತು. ಎಲ್ಲಿ ಕದಲಿತು, ಎಷ್ಟು ಕದಲಿತು ತಿಳಿಯಲಿಲ್ಲ. ತನಿ ಮುಗಿದಾಗ ಕಣ್ಣು ತೆರೆದ. ಹಿಂದಿನ ಕುರ್ಚಿಗಳು ಬಹಳಷ್ಟು ಖಾಲಿ ಇದ್ದವು.

ಮರುದಿನ ಬೆಳಿಗ್ಗೆ ಕಾರ್ಯದರ್ಶಿ ಅವನನ್ನು ಸಂಘಕ್ಕೆ ಕರೆಸಿದ. ರೆಕಾರ್ಡಿಂಗಿನವನೂ ಇದ್ದ. ಏನನ್ನೂ ಹೇಳದೆ ತನಿಯ ಮುದ್ರಣವನ್ನು ಹಾಕಿದರು. ಮೃದಂಗ ನುಡಿಯಿತು. ಒಂದು ಕುರ್ಚಿ ಮಡಚಲಿಲ್ಲ, ಒಂದು ಬಾಗಿಲು ತೆರೆಯಲಿಲ್ಲ. ಆಗಾಗ ಒಬ್ಬರು ಆಹಾ ಎನ್ನುತ್ತಿದ್ದರು. ಕೊನೆಗೆ ಚಪ್ಪಾಳೆ ಸುರಿಯಿತು.

"ಇದು ಎಲ್ಲಿಯ ಸಭೆ?" ಎಂದು ವಿದ್ವಾಂಸ ಕೇಳಿದ.

"ನಿನ್ನೇದೇ ಸ್ವಾಮಿ. ಕೋಲು ಮೈಕೂ ಒಂದಿತ್ತು, ನಾನೇ ಇಟ್ಟಿದ್ದೆ," ಎಂದ ರೆಕಾರ್ಡಿಂಗಿನವನು. "ಇದರಲ್ಲಿ ಒಂದು ಚೂರೂ ಸುಳ್ಳಿಲ್ಲ. ಮೊದಲ ಸಾಲಲ್ಲಿ ಕೂತಿದ್ದೋರು ಊರಿನ ವಯಸ್ಸಾದೋರು, ನಿಮ್ಮ ಕಡೆಯೋರಲ್ಲ. ಅವರು ನಿಜವಾಗ್ಲೂ ಏಳ್ಲಿಲ್ಲ. ಮೈಕು ಇಟ್ಟೋನು ನಾನು, ನೀವು ಆರಿಸ್ಲಿಲ್ಲ. ನಿಯಮ ಎಲ್ಲಿ ಮುರೀತು ಹೇಳಿ?"

"ಎರಡನ್ನೂ ನನ್ನೆದುರು ಇಟ್ಟು, ಯಾವುದು ಕಳಿಸೋಣ ಅಂತ ಕೇಳೋದಕ್ಕೆ ತಾನೇ ಕರೆಸಿದ್ದು? ಅಲ್ಲಿ ಮುರೀತು."

ರೆಕಾರ್ಡಿಂಗಿನವನು ತಲೆ ತಗ್ಗಿಸಿದ. ಕಾರ್ಯದರ್ಶಿ ತಗ್ಗಿಸಲಿಲ್ಲ.

"ನಿಮ್ಮದು ಬಿಡಿ, ನಿಮಗೆ ನಿಮ್ಮ ನಿಷ್ಠೆ ದೊಡ್ಡದು," ಎಂದ. "ನಿಮ್ಮ ಗುರುಗಳ ನಡೆ? ಅವರು ಕೂತು, ತೊಡೆ ತಟ್ಟಿ, ವರ್ಷಗಟ್ಟಲೆ ಹೇಳಿಕೊಟ್ಟಿದ್ದು? ಅದನ್ನ ಉಳಿಸಬೇಕು ಅನ್ನೋ ಆಸೆ ನಿಮಗಿಲ್ವಾ? ನೀವು ಹೂಂ ಅನ್ನಬೇಕಾಗಿಲ್ಲ. ಸುಮ್ನೆ ಎದ್ದು ಮನೆಗೆ ಹೋಗಿ ಸಾಕು. ಮಿಕ್ಕಿದ್ದು ನಾವು ನೋಡ್ಕೋತೀವಿ."

ಈ ಮಾತು ಅವನಿಗೆ ತಾಕಿತು. ಎದ್ದರೆ ಸಾಕು. ಎದ್ದು ಬಾಗಿಲು ದಾಟಿದರೆ ಗುರುವಿನ ನಡೆ ಉಳಿಯುತ್ತದೆ. ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಆ ನಡೆಯನ್ನು ಹಿಡಿದವು, ಬಿಟ್ಟವು.

ಅವನು ಏಳಲಿಲ್ಲ.

"ಚಾವಣಿ ಮೈಕಿನದು ಹಾಕಿ. ಪೂರ್ತಿ ಹಾಕಿ," ಎಂದ.

"ಅದನ್ನ ಕೇಳಿ ಯಾಕೆ ನೋವು ಮಾಡ್ಕೋತೀರಿ?" ಎಂದ ಕಾರ್ಯದರ್ಶಿ.

"ಹಾಕಿ."

ಹಾಕಿದರು. ಮೊದಲು ಫ್ಯಾನಿನ ಸದ್ದು. ಅದರ ಒಳಗೆ ಮೃದಂಗ. ತನಿ ಶುರುವಾಯಿತು. ಮೂವರೂ ಕುರ್ಚಿಯ ಸದ್ದಿಗೆ ಕಾದರು. ಕುರ್ಚಿ ಮಡಚಲಿಲ್ಲ. ನಿಧಾನದ ನಡೆ ಬಂತು. ಆಗಲೂ ಮಡಚಲಿಲ್ಲ. ಎರಡು ಪೆಟ್ಟಿನ ನಡುವಿನ ಜಾಗದಲ್ಲಿ ಏನೋ ಮೆಲ್ಲನೆ ಕೇಳಿಸಿತು. ಕೋಲು ಮೈಕಿನಲ್ಲಿ ಅದು ತಿಳಿಯುವಷ್ಟು ಇರಲಿಲ್ಲ. ರೆಕಾರ್ಡಿಂಗಿನವನು ಸದ್ದು ಏರಿಸಿದ. ಇಡೀ ಸಭೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹಿಂದಿನ ಸಾಲಿನವರೂ ಹಾಕುತ್ತಿದ್ದರು.

ಕಾರ್ಯದರ್ಶಿ ಏನೋ ಹೇಳಲು ಹೋದ. ವಿದ್ವಾಂಸ ಕೈಸನ್ನೆ ಮಾಡಿ ತಡೆದ.

ಆಗ ಒಂದು ಕುರ್ಚಿ ಪಟ್ಟೆಂದಿತು. ಇನ್ನೊಂದು ಪಟ್ಟೆಂದಿತು. ಆಮೇಲೆ ಒಂದು ಸಾಲಿಗೆ ಸಾಲೇ. ಕ್ಯಾಂಟೀನಿನ ಬಾಗಿಲು ತೆರೆಯಿತು, ಮುಚ್ಚಲಿಲ್ಲ. ಯಾರೋ ಯಾರನ್ನೋ ಸಕ್ಕರೆ ಬೇಕೋ ಬೇಡವೋ ಎಂದು ಕೇಳಿದ್ದೂ ಮುದ್ರಣದಲ್ಲಿ ಸ್ಪಷ್ಟವಾಗಿತ್ತು.

"ನಿಲ್ಲಿಸಿ. ಸ್ವಲ್ಪ ಹಿಂದಿನಿಂದ ಹಾಕಿ," ಎಂದ ವಿದ್ವಾಂಸ.

ಹಿಂದಿನಿಂದ ಹಾಕಿದರು. ಅವನು ಕಣ್ಣು ಮುಚ್ಚಿ ಕೇಳಿದ. ಮತ್ತೆ ಹಾಕಿಸಿದ. ಗುರು ಆ ನಿಧಾನದ ನಡೆಗೆ ಒಂದು ಅಳತೆ ಹೇಳಿಕೊಟ್ಟಿದ್ದರು. ಅಲ್ಲಿಯವರೆಗೆ ಅವಸರ ಕೂಡದು ಎಂದಿದ್ದರು. ವೇದಿಕೆಯಲ್ಲಿ, ಜನ ಎಲ್ಲಿ ಏಳುತ್ತಾರೋ ಎಂಬ ಭಯಕ್ಕೆ, ಅವನು ಆ ಅಳತೆ ತುಂಬುವ ಮೊದಲೇ ನಡೆಯನ್ನು ಬಿಟ್ಟು ವೇಗಕ್ಕೆ ಹಾರಿದ್ದ. ಜನ ಎದ್ದದ್ದು ತನಿ ಶುರುವಾದಾಗ ಅಲ್ಲ. ನಿಧಾನದಲ್ಲೂ ಅಲ್ಲ. ಅವನು ಹಾರಿದ ಕಡೆ.

ಇದನ್ನು ಅವನು ಆ ಇಬ್ಬರಿಗೆ ಹೇಳಲಿಲ್ಲ. ಎದ್ದು ಹೆಗಲಿಗೆ ಶಲ್ಯ ಹಾಕಿಕೊಂಡ.

"ನಿಯಮದ ಮೈಕು ಕೇಳಿದ್ದು ಮಂಡಳಿಗೆ ಹೋಗಲಿ. ಕೋಲಿನದು ಹೋದರೆ, ಅದು ನನ್ನ ತನಿಯಲ್ಲ ಅಂತ ನಾನೇ ಮಂಡಳಿಗೆ ಹೇಳ್ತೀನಿ."

"ಪಾಠಶಾಲೆ ಕೈತಪ್ಪತ್ತೆ," ಎಂದ ಕಾರ್ಯದರ್ಶಿ.

"ತಪ್ಪಬಹುದು."

"ಆಮೇಲೆ ನಮ್ಮನ್ನ ಅನ್ನಬೇಡಿ."

"ಅನ್ನೋದಿಲ್ಲ."

ಚಾವಣಿಯ ಮೈಕಿನ ಮುದ್ರಣವೇ ಮಂಡಳಿಗೆ ಹೋಯಿತು. ಹಿರಿಯರು ಕೋಣೆಯಲ್ಲಿ ಕೂತು ಇಬ್ಬರ ತನಿಯನ್ನೂ ಕೇಳಿದರು. ಒಂದರಲ್ಲಿ ಸಭೆ ಕದಲಲಿಲ್ಲ. ಇನ್ನೊಂದರಲ್ಲಿ ಸಭೆ ಎದ್ದು ಹೋಯಿತು. ಯಾವುದನ್ನು ಯಾವ ಮೈಕಿನಿಂದ ಹಿಡಿದದ್ದೆಂದು ಅವರು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ತಾವು ಅಷ್ಟು ವರ್ಷ ಕೊಟ್ಟ ತೀರ್ಪುಗಳನ್ನೆಲ್ಲ ವಿಚಾರಿಸಬೇಕಾಗುತ್ತಿತ್ತು. ಪಾಠಶಾಲೆಯನ್ನು ಚುರುಕು ಕೈಯವನಿಗೆ ಕೊಟ್ಟರು.

ಮೇಷ್ಟ್ರು ಮಾತು ನಿಲ್ಲಿಸಿದರು.

ವಾರಿಜಾ ಕಾದಳು. ಕತೆ ಅಲ್ಲಿಗೇ ಮುಗಿಯಿತೆಂದು ಅವಳಿಗೆ ನಂಬಿಕೆ ಬರಲಿಲ್ಲ.

"ಇದು ಅನ್ಯಾಯ ಮೇಷ್ಟ್ರೇ! ಸುಳ್ಳು ಹೇಳಿದೋನಿಗೆ ಶಾಲೆ ಸಿಕ್ತು. ನಿಜ ಹೇಳಿದೋನಿಗೆ ಕುರ್ಚಿ ಮಡಚೋ ಸದ್ದು. ಇದರಲ್ಲಿ ನಾನು ಕಲಿಯೋದೇನು? ಅವನಾದ್ರೂ ಜಗಳ ಆಡ್ಬೇಕಾಗಿತ್ತು, ಊರಿಗೆಲ್ಲ ಸಾರಬೇಕಾಗಿತ್ತು. ತೀರ್ಪು ಬಂದ ಮೇಲೆ ಅವನು ಏನು ಮಾಡಿದ?"

ಮೇಷ್ಟ್ರು ಹೇಳಿದರು:

"ಸಭೆ ಎಲ್ಲಿ ಎದ್ದಿತ್ತೋ ಅಲ್ಲಿಂದ ಸಾಧನೆಗೆ ಕೂತ."